ಮೇಜ್ ಮತ್ತು ದಿಗ್ಭ್ರಮೆ: ದಾರಿ ತಪ್ಪಿಸುವ ಪದಗಳ ಕಥೆ

(ಗ್ರಂಥಾಲಯವೊಂದರ ತಿಂಗಳ ಉಪನ್ಯಾಸ ಮಾಲೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಹಲಗೆಯ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ. ಕೊನೆಯ ಪ್ರಶ್ನೋತ್ತರವನ್ನೂ ಸ್ವಲ್ಪ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪತ್ರಿಕೆಗಳ ಮಕ್ಕಳ ಪುಟದಲ್ಲಿ ಮೂಲೆಯಲ್ಲೊಂದು ಚೌಕ ಇರುತ್ತದೆ. ಈ ತುದಿಯಲ್ಲಿ ಮೊಲ, ಆ ತುದಿಯಲ್ಲಿ ಕ್ಯಾರೆಟ್, ನಡುವೆ ಗೆರೆಗಳ ಗಿಜಿಗಿಜಿ. ತಲೆಬರಹ, ‘ಮೊಲಕ್ಕೆ ದಾರಿ ತೋರಿಸಿ’. ಆ ಚೌಕವನ್ನು ಇಂಗ್ಲಿಷಿನಲ್ಲಿ ಮೇಜ್ ಎನ್ನುತ್ತಾರೆ. ನಮ್ಮ ಪತ್ರಿಕೆಗಳು ಅದಕ್ಕೊಂದು ಹೆಸರಿಡುವ ಗೋಜಿಗೆ ಹೋಗದೆ, ಮಾಡಬೇಕಾದ ಕೆಲಸವನ್ನಷ್ಟೇ ಹೇಳಿ ಮುಗಿಸುತ್ತವೆ. ನಾನು ಇವತ್ತು ಮಾತನಾಡಬೇಕೆಂದಿರುವುದು ಆ ಇಂಗ್ಲಿಷ್ ಹೆಸರಿನ ಬಗ್ಗೆ, ಮತ್ತು ಅದರ ಬೆನ್ನು ಹಿಡಿದು ಹೋದಾಗ ನಮ್ಮದೇ ಒಂದು ಮಾತು ಎದುರಾದ ಬಗ್ಗೆ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಮುಂದಿರುವ ಈ ಮೇಜಿಗೂ ಆ ಮೇಜ್‌ಗೂ ನಂಟಿಲ್ಲ. ಮೆಕ್ಕೆಜೋಳಕ್ಕೆ ಇಂಗ್ಲಿಷಿನಲ್ಲಿ ಹೀಗೇ ಕೇಳಿಸುವ ಹೆಸರಿದೆ, ಅದಕ್ಕೂ ಇಲ್ಲ. ಅಮೆರಿಕದಲ್ಲಿ ಕೆಲವು ರೈತರು ಬೆಳೆದು ನಿಂತ ಮೆಕ್ಕೆಜೋಳದ ಹೊಲದಲ್ಲಿ ಅಡ್ಡಾದಿಡ್ಡಿ ಓಣಿಗಳನ್ನು ಕತ್ತರಿಸಿ, ಒಳಗೆ ಹೋಗಿ ದಾರಿ ತಪ್ಪುವುದಕ್ಕೆ ಟಿಕೆಟ್ ಇಡುತ್ತಾರೆ. ಅವರ ವ್ಯಾಪಾರಕ್ಕೆ ಈ ಉಚ್ಚಾರಸಾಮ್ಯ ಅನುಕೂಲವಾಗಿದೆ, ಅಷ್ಟೇ.

ಇಂಗ್ಲಿಷ್ ಬರವಣಿಗೆಯಲ್ಲಿ ಈ ಪದ ಕಾಣಿಸಿಕೊಳ್ಳುವುದು 1300ರ ಸುಮಾರಿಗೆ. ಆಗ ಅದು ಯಾವ ಸ್ಥಳದ ಹೆಸರೂ ಆಗಿರಲಿಲ್ಲ. ಮಂಕು, ಭ್ರಾಂತಿ, ತಲೆ ಕೆಟ್ಟ ಸ್ಥಿತಿ ಎಂಬುದು ಅದರ ಅರ್ಥ. ಇನ್ನೂ ಹಿಂದೆ ಹೋದರೆ ಹಳೆಯ ಇಂಗ್ಲಿಷಿನಲ್ಲಿ ‘ಆಮಸೋದ್’ ಎಂಬ ರೂಪ ಸಿಗುತ್ತದೆ. ಗಲಿಬಿಲಿಗೊಂಡವನು, ದಂಗುಬಡಿದವನು ಎಂದು ಅದರ ತಾತ್ಪರ್ಯ. ಇದೇ ಬೇರಿನಿಂದ ಬಂದದ್ದು ಅಮೇಜ್. ಇವತ್ತು ನಾವು ದೋಸೆ ಚೆನ್ನಾಗಿದ್ದರೂ ಅಮೇಜಿಂಗ್ ಎನ್ನುತ್ತೇವೆ. ಆದರೆ ಈ ಮೆಚ್ಚುಗೆಯ ಅರ್ಥ ಅದಕ್ಕೆ ಅಂಟಿದ್ದು 16ನೇ ಶತಮಾನದ ಕೊನೆಗೆ. ಅದಕ್ಕೆ ಮೊದಲು ಅಮೇಜ್ ಆದವನೆಂದರೆ ತಲೆಗೆ ಪೆಟ್ಟು ಬಿದ್ದು ಕಣ್ಣು ಕತ್ತಲೆಗಟ್ಟಿ ನಿಂತವನು. ಇಂಗ್ಲೆಂಡಿನ ನೈಋತ್ಯ ಮೂಲೆಯ ಡೆವನ್, ಕಾರ್ನ್‌ವಾಲ್ ಕಡೆಯ ಆಡುಮಾತಿನಲ್ಲಿ ‘ಮೇಜ್ಡ್’ ಎಂದರೆ ತಲೆ ಕೆಟ್ಟವನು ಎಂಬ ಅರ್ಥ ಉಳಿದು ಬಂದಿದೆ.

ಹಾಗಾದರೆ ತಲೆಯೊಳಗಿದ್ದದ್ದು ನೆಲಕ್ಕೆ ಇಳಿದದ್ದು ಯಾವಾಗ? 14ನೇ ಶತಮಾನ ಮುಗಿಯುವ ಹೊತ್ತಿಗೆ. ಕವಿ ಚಾಸರ್ ಗ್ರೀಕರ ಅರಿಯಾಡ್ನೆಯ ಕಥೆ ಹೇಳುವಾಗ, ಗೂಳಿಯ ತಲೆಯ ಮಿನೋಟಾರನನ್ನು ಕೂಡಿಹಾಕಿದ ಮನೆಯನ್ನು ವರ್ಣಿಸುತ್ತಾನೆ. ಅದು ಅತ್ತಿತ್ತ ಸೊಟ್ಟಸೊಟ್ಟಗೆ ತಿರುಗುವ, ವಿಚಿತ್ರ ದಾರಿಗಳ ಮನೆ, ಮೇಜ್ ಕಟ್ಟಿದ ಹಾಗೆ ಇದೆ ಎನ್ನುತ್ತಾನೆ. ಗೊತ್ತಿಲ್ಲದ ಮನೆಯನ್ನು ವಿವರಿಸಲು ಮೇಜ್‌ಗೆ ಹೋಲಿಸಿದನೆಂದರೆ, ಓದುಗರಿಗೆ ಮೇಜ್ ಎಂಬ ವಸ್ತು ಆಗಲೇ ಪರಿಚಯವಿತ್ತು ಎಂದಾಯಿತು. ನೂರು ವರ್ಷದೊಳಗೆ ಒಂದು ಮನಃಸ್ಥಿತಿಯ ಹೆಸರು ಆ ಮನಃಸ್ಥಿತಿಯನ್ನು ಹುಟ್ಟಿಸುವ ಜಾಗಕ್ಕೆ ಅಂಟಿಕೊಂಡಿತು.

ಈಗ ನಮ್ಮ ಕಡೆಗೆ ಬನ್ನಿ. ‘ಘಟನೆಯ ಬಗ್ಗೆ ಸಚಿವರು ದಿಗ್ಭ್ರಮೆ ವ್ಯಕ್ತಪಡಿಸಿದ್ದಾರೆ’ ಎಂಬ ವಾಕ್ಯ ಎಲ್ಲರಿಗೂ ಗೊತ್ತು. ಪಾಪ, ದಿಗ್ಭ್ರಮೆಯನ್ನು ಯಾರಾದರೂ ‘ವ್ಯಕ್ತಪಡಿಸಲು’ ಆಗುತ್ತದೆಯೇ ಎಂಬುದು ಬೇರೆ ಮಾತು. ಪದವನ್ನು ಬಿಡಿಸಿ ನೋಡಿ: ದಿಕ್ಕು, ಭ್ರಮೆ. ಪೂರ್ವ ಯಾವುದು, ಪಶ್ಚಿಮ ಯಾವುದು ಎಂದು ತಿಳಿಯದಾಗುವುದು. ಮೂಲದಲ್ಲಿ ಇದು ಕಾಡಿನಲ್ಲೋ ಮರಳುಗಾಡಿನಲ್ಲೋ ಸಿಕ್ಕಿಕೊಂಡವನಿಗೆ ಸಲ್ಲುವ ಪದ. ಈಗ ಕುರ್ಚಿಯಲ್ಲಿ ಕುಳಿತೇ ದಿಗ್ಭ್ರಾಂತರಾಗಬಹುದು. ‘ದಿಕ್ಕೆಟ್ಟ’, ‘ದಿಕ್ಕು ತೋಚದ’, ‘ದಿಕ್ಕಿಲ್ಲದ’ ಎಂಬ ಮಾತುಗಳೂ ನಡೆದು ಬಂದಿರುವುದು ಇದೇ ಜಾಡಿನಲ್ಲಿ.

ಅಂದರೆ ಇಂಗ್ಲಿಷಿನ ಪದ ಬೆರಗಿನಿಂದ ಹೊರಟು ದಾರಿಗೆ ಬಂತು. ನಾವು ಬಳಸುವ ಪದ ದಾರಿಯಿಂದ ಹೊರಟು ಬೆರಗಿಗೆ ಬಂತು. ಒಂದೇ ರಸ್ತೆಯಲ್ಲಿ ಎದುರುಬದುರಾಗಿ ನಡೆದಿವೆ. ಇವೆರಡು ಭಾಷೆಗಳು ಪರಸ್ಪರ ಕೇಳಿ ಮಾಡಿದ್ದಲ್ಲ ಇದು. ದಾರಿ ತಪ್ಪಿದಾಗ ಆಗುವ ಭಯವೂ ದೊಡ್ಡ ಆಘಾತದ ಮುಂದೆ ಆಗುವ ಮಂಕೂ ಅನುಭವದಲ್ಲಿ ಅಕ್ಕಪಕ್ಕದವು ಎಂಬುದನ್ನು ಎರಡೂ ಕಡೆಯ ಜನ ಬೇರೆಬೇರೆಯಾಗಿ ಕಂಡುಕೊಂಡಿದ್ದಾರೆ ಎಂದು ನಾನು ತಿಳಿಯುತ್ತೇನೆ.

ಹಿಂದಿ-ಉರ್ದುವಿನಲ್ಲೂ ಇದಕ್ಕೆ ಸಾಕ್ಷಿ ಇದೆ. ಲಖನೌದ ಬಡಾ ಇಮಾಂಬಾಡಾಕ್ಕೆ ಹೋದವರು ಅದರ ಮೇಲಿನ ‘ಭೂಲ್ ಭುಲೈಯಾ’ ನೋಡಿರುತ್ತೀರಿ. ಭೂಲ್ ಎಂದರೆ ಮರೆವು, ತಪ್ಪು. ಅದೂ ತಲೆಯೊಳಗಿನ ಸಂಗತಿಯೇ, ಜಾಗದ ಹೆಸರಾಗಿದೆ. ನವಾಬ ಆಸಫುದ್ದೌಲಾ 1784ರಲ್ಲಿ, ಬರಗಾಲದ ಹೊತ್ತಿನಲ್ಲಿ ಜನರಿಗೆ ಕೆಲಸ ಕೊಡಲೆಂದು ಶುರುಮಾಡಿದ ಕಟ್ಟಡ ಅದು. ಕೆಳಗಿನ ನಡುಮನೆ ಸುಮಾರು 50 ಮೀಟರ್ ಉದ್ದ. ಅಷ್ಟು ದೊಡ್ಡ ಕಮಾನು ಚಾವಣಿಗೆ ಒಳಗೆ ಒಂದು ಕಂಬವಿಲ್ಲ, ತೊಲೆಯಿಲ್ಲ. ಭಾರ ಕಡಿಮೆಯಾಗಲೆಂದು ದಪ್ಪ ಗೋಡೆ, ಚಾವಣಿಗಳ ನಡುವೆ ಟೊಳ್ಳು ಬಿಟ್ಟರು. ಆ ಟೊಳ್ಳುಗಳೇ ಒಂದನ್ನೊಂದು ಹೋಲುವ ಬಾಗಿಲುಗಳ ಕಿರುದಾರಿಗಳಾದವು. ಮಾರ್ಗದರ್ಶಿಗಳು ಶತ್ರುಗಳನ್ನು ಸಿಕ್ಕಿಸಲು ಕಟ್ಟಿದ್ದು ಎಂದು ರೋಮಾಂಚನವಾಗುವಂತೆ ಹೇಳುತ್ತಾರೆ. ನನಗೆ ಎಂಜಿನಿಯರುಗಳ ವಿವರಣೆಯೇ ಹೆಚ್ಚು ರೋಮಾಂಚಕಾರಿ.

ಮಲೆನಾಡಿನವರು ಇಲ್ಲಿ ಕೆಲವರಿದ್ದೀರಿ. ಕಾಡಿನಲ್ಲಿ ಯಾವುದೋ ಒಂದು ಬಳ್ಳಿಯನ್ನು ದಾಟಿದರೆ ಗೊತ್ತಿರುವ ದಾರಿಯೂ ತಪ್ಪುತ್ತದೆ, ಸುತ್ತಿ ಸುತ್ತಿ ಅಲ್ಲಿಗೇ ಬರುತ್ತೀರಿ ಎಂಬ ನಂಬಿಕೆ ನೀವು ಕೇಳಿದ್ದೇ. ಅಲ್ಲಿ ಗೋಡೆಯಿಲ್ಲ, ಬೇಲಿಯಿಲ್ಲ. ಮರುಳು ಬಡಿಯುವುದು ಮನುಷ್ಯನಿಗೆ. 1300ರ ಇಂಗ್ಲಿಷಿನವನಿಗೆ ಇದನ್ನು ಹೇಳಿದ್ದರೆ, ಅದೇ ಮೇಜ್ ಎಂದುಬಿಡುತ್ತಿದ್ದ.

ಇನ್ನೊಂದು ಪದ, ಲ್ಯಾಬರಿಂತ್. ಮಿನೋಟಾರನನ್ನು ಕೂಡಿಹಾಕಿದ ಆ ಸುತ್ತುದಾರಿಯ ಮನೆಗೆ ಗ್ರೀಕರ ಕಥೆಯಲ್ಲಿರುವ ಹೆಸರು. ಇದು ಇಂಗ್ಲಿಷಿಗೆ ಗ್ರೀಕಿನಿಂದ ಬಂದದ್ದು, ಗ್ರೀಕಿಗೆ ಅದಕ್ಕೂ ಹಳೆಯ ಯಾವುದೋ ಭಾಷೆಯಿಂದ. ಕೊರಿಂತ್ ಎಂಬ ಊರಿನ ಹೆಸರಿನಲ್ಲಿರುವ ಆ ‘ಇಂತ್’ ಎಂಬ ಬಾಲ ಗ್ರೀಕರು ಬರುವುದಕ್ಕೆ ಮುಂಚಿನದು ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. 1900ರಲ್ಲಿ ಕ್ರೀಟ್ ದ್ವೀಪದ ಕ್ನೊಸ್ಸೊಸ್‌ನಲ್ಲಿ ಉತ್ಖನನ ಶುರುಮಾಡಿದ ಆರ್ಥರ್ ಇವಾನ್ಸ್, ಅರಮನೆಯ ಕಲ್ಲುಗಳ ಮೇಲೆಲ್ಲ ಎರಡಲಗಿನ ಕೊಡಲಿಯ ಗುರುತು ಕಂಡು, ಕೊಡಲಿಗೆ ‘ಲಾಬ್ರಿಸ್’ ಎಂಬ ಹಳೆಯ ಹೆಸರಿರುವುದರಿಂದ ಲ್ಯಾಬರಿಂತ್ ಎಂದರೆ ಕೊಡಲಿಮನೆ ಎಂದ. ಚೆಂದದ ಊಹೆ. ಎಲ್ಲರೂ ಒಪ್ಪಿಲ್ಲ.

ನನಗೆ ಅದಕ್ಕಿಂತ ಇಷ್ಟವಾಗುವುದು ಅದೇ ಕ್ನೊಸ್ಸೊಸ್‌ನಲ್ಲಿ ಸಿಕ್ಕ ಒಂದು ಪುಟ್ಟ ಮಣ್ಣಿನ ಫಲಕ. ಲೀನಿಯರ್ ಬಿ ಎಂಬ ಲಿಪಿಯದು. 1952ರಲ್ಲಿ ಮೈಕೇಲ್ ವೆಂಟ್ರಿಸ್ ಎಂಬ ವಾಸ್ತುಶಿಲ್ಪಿ ಆ ಲಿಪಿಯನ್ನು ಬಿಡಿಸಿದ ಮೇಲೆ ಅದನ್ನು ಓದಲು ಸಾಧ್ಯವಾಯಿತು. ಉಗ್ರಾಣದ ಗುಮಾಸ್ತ ಬರೆದಿಟ್ಟ ಲೆಕ್ಕ ಅದು. ಎಲ್ಲ ದೇವರುಗಳಿಗೆ ಒಂದು ಗಡಿಗೆ ಜೇನು. ಲ್ಯಾಬರಿಂತಿನ ಒಡತಿಗೆ ಒಂದು ಗಡಿಗೆ ಜೇನು. ಎಲ್ಲ ದೇವರುಗಳಿಗೂ ಸೇರಿ ಎಷ್ಟೋ, ಆಕೆಯೊಬ್ಬಳಿಗೇ ಅಷ್ಟು! ಯಾರು ಈ ಒಡತಿ? ಫಲಕ ಮುಂದೆ ಬಾಯಿಬಿಡುವುದಿಲ್ಲ. ಆದರೆ ಒಡತಿ ಎಂಬುದಕ್ಕೆ ಅಲ್ಲಿರುವ ಪದ ‘ಪೊತಿನಿಯ’. ಸಂಸ್ಕೃತದ ‘ಪತ್ನಿ’ಗೆ ಅದು ಸೋದರ ಪದ. ಪತ್ನಿಗೆ ಒಡತಿ ಎಂಬುದೇ ಹಳೆಯ ಅರ್ಥ. ಕ್ರೀಟಿನ ಉಗ್ರಾಣದಲ್ಲಿ ಮೂರು ಸಾವಿರಕ್ಕೂ ಹೆಚ್ಚು ವರ್ಷ ಮಣ್ಣಿನಲ್ಲಿ ಬಿದ್ದಿದ್ದ ಪದ ನಮ್ಮ ಲಗ್ನಪತ್ರಿಕೆಗಳಲ್ಲಿ ಇಂದಿಗೂ ಅಚ್ಚಾಗುತ್ತಿದೆ.

ಕಥೆ ನಿಮಗೆ ಗೊತ್ತಿರಬಹುದು. ಥೀಸಿಯಸ್ ಎಂಬ ವೀರ ಮಿನೋಟಾರನನ್ನು ಕೊಲ್ಲಲು ಲ್ಯಾಬರಿಂತಿನ ಒಳಹೊಕ್ಕ. ಕ್ರೀಟಿನ ರಾಜಕುಮಾರಿ ಅರಿಯಾಡ್ನೆ ಅವನ ಕೈಗೆ ನೂಲಿನ ಉಂಡೆ ಕೊಟ್ಟಳು. ನೂಲು ಬಿಚ್ಚುತ್ತ ಹೋದ, ನೂಲು ಹಿಡಿದು ಬಂದ. ಆ ನೂಲಿನ ಉಂಡೆಗೆ ಇಂಗ್ಲಿಷಿನಲ್ಲಿ ‘ಕ್ಲೂ’ ಎನ್ನುತ್ತಿದ್ದರು. ಪತ್ತೇದಾರಿ ಕಥೆಗಳ ಕ್ಲೂ ಹುಟ್ಟಿದ್ದು ಅಲ್ಲಿಂದ. ನಮ್ಮ ಪೊಲೀಸರಿಗೂ ಪ್ರಕರಣದ ‘ಎಳೆ’ ಸಿಗುತ್ತದೆ, ನೋಡಿ.

ಇಲ್ಲಿ ಒಂದು ತೊಡಕಿದೆ. ಕಥೆಯಲ್ಲಿ ದಾರಿ ತಪ್ಪದಿರಲು ನೂಲು ಬೇಕಾಯಿತು. ಆದರೆ ಕ್ನೊಸ್ಸೊಸ್‌ನವರೇ ತಮ್ಮ ನಾಣ್ಯಗಳ ಮೇಲೆ ಅಚ್ಚೊತ್ತಿಸಿದ ಲ್ಯಾಬರಿಂತಿನ ಚಿತ್ರದಲ್ಲಿ ದಾರಿ ಒಂದೇ! ಕವಲಿಲ್ಲ, ಮುಚ್ಚಿದ ತುದಿಯಿಲ್ಲ. ಬೆರಳಿಟ್ಟು ಹೊರಟರೆ ಸುತ್ತಿಸಿ ಸುತ್ತಿಸಿ ನಡುವಿಗೆ ಒಯ್ದು ಬಿಡುತ್ತದೆ. ಅದೇ ಚಿತ್ರದ ತೀರಾ ಹಳೆಯ ಮಾದರಿ ಗ್ರೀಸಿನ ಪಿಲೋಸ್ ಅರಮನೆಯ ಮಣ್ಣಿನ ಫಲಕದ ಮೇಲಿದೆ, ಕ್ರಿಸ್ತಪೂರ್ವ 1200ರ ಸುಮಾರಿನದು. ಒಂದು ಮಗ್ಗುಲಲ್ಲಿ ಆಡುಗಳ ಲೆಕ್ಕ, ಇನ್ನೊಂದು ಮಗ್ಗುಲಲ್ಲಿ ಈ ಗೀಚು. ಬೇಸರ ಬಂದ ಗುಮಾಸ್ತನ ಕೈವಾಡ ಇರಬೇಕು. ಅರಮನೆಗೆ ಬೆಂಕಿ ಬಿದ್ದು ಹಸಿ ಮಣ್ಣು ಸುಟ್ಟು ಗಟ್ಟಿಯಾದ್ದರಿಂದ ನಮಗೆ ಉಳಿಯಿತು.

ಅದನ್ನು ಬರೆಯುವ ರೀತಿ ಹೇಳುತ್ತೇನೆ, ರಂಗೋಲಿ ಹಾಕುವವರಿಗೆ ತಟ್ಟನೆ ಹಿಡಿಯುತ್ತದೆ. ಮೊದಲು ಒಂದು ಕೂಡುವ ಚಿಹ್ನೆ. ಅದರಿಂದಾದ ನಾಲ್ಕು ಮೂಲೆಗಳಲ್ಲಿ ಒಂದೊಂದು ಲಂಬಕೋನ, ಅದರ ಮೊನೆ ಚಿಹ್ನೆಯ ನಡುವಿನ ಕಡೆಗೆ. ಪ್ರತಿ ಲಂಬಕೋನದ ತೆರೆದ ಬಾಯಲ್ಲಿ ಒಂದು ಚುಕ್ಕಿ. ಈಗ ಸುತ್ತಲೂ ಒಟ್ಟು 16 ತುದಿಗಳಾದವು. ಕೂಡುವ ಚಿಹ್ನೆಯ ಮೇಲ್ತುದಿಯನ್ನು ಬಲಗಡೆಯ ಪಕ್ಕದ ತುದಿಗೆ ಕಮಾನಿನಂತೆ ಸೇರಿಸಿ. ಎಡಗಡೆಯ ಮುಂದಿನ ತುದಿಯನ್ನು ಬಲಗಡೆಯ ಮುಂದಿನ ತುದಿಗೆ, ಮೊದಲ ಕಮಾನಿನ ಮೇಲಿಂದ. ಹೀಗೇ ಎಡ, ಬಲ, ಎಡ, ಬಲ. ಎಂಟು ಕಮಾನು ಮುಗಿಯುವಷ್ಟರಲ್ಲಿ ಏಳು ಸುತ್ತಿನ ಕೋಟೆ ಸಿದ್ಧ. ಬಾಗಿಲಿನಿಂದ ಬೆರಳು ಬಿಟ್ಟರೆ ಹೊರಗಿನಿಂದ ಎಣಿಸಿ ಮೂರನೇ ಸುತ್ತಿಗೆ ಹೋಗುತ್ತದೆ. ಆಮೇಲೆ ಎರಡು, ಒಂದು, ಅಂದರೆ ಹೊರಗಡೆಗೇ. ಆಮೇಲೆ ನಾಲ್ಕು, ಅಲ್ಲಿಂದ ಏಳು. ಏಳನೆಯದು ನಡುವಿನ ಪಕ್ಕದ್ದೇ. ಬಂದೇಬಿಟ್ಟೆ ಎನ್ನುವಾಗ ಆರಕ್ಕೆ, ಐದಕ್ಕೆ ದೂಡಿ, ಅಲ್ಲಿಂದ ನಡುವಿಗೆ ಬಿಡುತ್ತದೆ. ತಪ್ಪಲು ಅವಕಾಶವೇ ಇಲ್ಲದಿದ್ದರೂ ತಪ್ಪಿದೆನೇನೋ ಅನ್ನಿಸುವುದು ತಪ್ಪುವುದಿಲ್ಲ. ಸಭೆಯಲ್ಲಿ ಹಲಗೆಯ ಬಳಿ ಬಂದು ಬೆರಳಾಡಿಸಿದ ಹುಡುಗಿ ಏಳನೇ ಸುತ್ತಿನಲ್ಲಿ ನಿಂತು ಹಿಂದಿರುಗಿ ನೋಡಿದಳು.

ಕವಲುಗಳಿರುವ ನಕ್ಷೆಗಳು ಯೂರೋಪಿನಲ್ಲಿ ಕಾಣಿಸುವುದು ಬಹಳ ತಡವಾಗಿ, 15ನೇ ಶತಮಾನದ ಸುಮಾರಿಗೆ. ಹಾಗಾಗಿ ಇತ್ತೀಚೆಗೆ ಕೆಲವರು ಕಟ್ಟುನಿಟ್ಟಾಗಿ ಹೇಳುತ್ತಾರೆ: ಒಂದೇ ದಾರಿಯದು ಲ್ಯಾಬರಿಂತ್, ಕವಲಿರುವುದು ಮೇಜ್. ತರಗತಿಯಲ್ಲಿ ಪಾಠಕ್ಕೆ ಈ ವಿಂಗಡಣೆ ಸರಿ, ಆದರೆ ಇದನ್ನು ಹಿಡಿದುಕೊಂಡು ಬೇರೆಯವರನ್ನು ತಿದ್ದಲು ಹೊರಡಬೇಡಿ. ಇಂಗ್ಲೆಂಡಿನ ಸ್ಯಾಫ್ರನ್ ವಾಲ್ಡನ್‌ನಲ್ಲಿ ಹುಲ್ಲುನೆಲವನ್ನು ಕೊರೆದು ಮಾಡಿದ ದೊಡ್ಡದೊಂದು ಸುತ್ತು ಇದೆ. ದಾರಿ ಒಂದೇ, ಊರವರು ಕರೆಯುವುದು ಮಾತ್ರ ಮೇಜ್ ಎಂದೇ.

ಹಳೇಬೀಡಿಗೆ ಬರೋಣ. ಹೊಯ್ಸಳೇಶ್ವರ ದೇವಾಲಯದ ಕೆಲಸ ಶುರುವಾದದ್ದು 1121ರಲ್ಲಿ. ಹೊರಗೋಡೆಯಲ್ಲಿ ಕೆಳಗಿನಿಂದ ಆನೆ, ಸಿಂಹ, ಬಳ್ಳಿ, ಕುದುರೆ ಎಂದು ಪಟ್ಟಿಗಳು ಸಾಗುತ್ತವೆ. ಕಥೆ ಹೇಳುವ ಪಟ್ಟಿಯಲ್ಲಿ ಮಹಾಭಾರತದ ಯುದ್ಧವಿದೆ, ಅದರಲ್ಲಿ ಚಕ್ರವ್ಯೂಹ. ಪ್ರವಾಸಿಗರು ಶಿಲಾಬಾಲಿಕೆಯರನ್ನೂ ನಂದಿಯನ್ನೂ ನೋಡುವ ಆತುರದಲ್ಲಿ ದಾಟಿಹೋಗುವ ಜಾಗ. ಬಳಪದ ಕಲ್ಲಿನಲ್ಲಿ ಬಿಗಿಯಾಗಿ ಸುತ್ತಿಕೊಂಡ ಉಬ್ಬುಗೆರೆಗಳು, ಅಕ್ಕಪಕ್ಕದಲ್ಲಿ ಯೋಧರ ದಟ್ಟಣೆ. ಕ್ರೀಟಿನ ಆ ನಕ್ಷೆಯ ಹತ್ತಿರದ ನೆಂಟನೇ ಇದು. ಒಂದು ವ್ಯತ್ಯಾಸವಿದೆ. ಅಲ್ಲಿ ಕೂಡುವ ಚಿಹ್ನೆಯಿಂದ, ಅಂದರೆ ನಾಲ್ಕು ತೋಳಿನಿಂದ ಹೊರಡುತ್ತಾರೆ. ಇಲ್ಲಿ ಮೂರು ತೋಳಿನಿಂದ. ಹಾಗಾಗಿ ನಡುವು ಶಂಖದ ಸುರುಳಿಯಂತೆ ಸುತ್ತಿಕೊಳ್ಳುತ್ತದೆ. ಈ ಬಗೆಯ ನಕ್ಷೆಯನ್ನು ಅಧ್ಯಯನ ಮಾಡುವವರು ಜಗತ್ತಿನಾದ್ಯಂತ ಅದನ್ನು ಚಕ್ರವ್ಯೂಹ ಎಂಬ ಹೆಸರಿನಿಂದಲೇ ಗುರುತಿಸುತ್ತಾರೆ.

ಇಲ್ಲಿಯೂ ದಾರಿ ಒಂದೇ ಎಂಬುದನ್ನು ಗಮನಿಸಿ. ಅಭಿಮನ್ಯು ದಾರಿ ತಪ್ಪಿ ಸತ್ತವನಲ್ಲ. ದ್ರೋಣಪರ್ವದಲ್ಲಿ ಅವನು ದೊಡ್ಡಪ್ಪ ಧರ್ಮರಾಯನಿಗೆ ಹೇಳುವುದೇ ಹಾಗೆ: ಭೇದಿಸಿ ಒಳಹೋಗುವುದನ್ನು ತಂದೆ ಕಲಿಸಿದ್ದಾನೆ, ಆಪತ್ತು ಬಂದರೆ ಹೊರಬರಲಾರೆ. ಒಡೆದ ಬಿರುಕಿನಲ್ಲಿ ಹಿಂದೆಯೇ ನುಗ್ಗುತ್ತೇವೆಂದ ಭೀಮಾದಿಗಳನ್ನು ಜಯದ್ರಥ ತಡೆದ. ಬಾಗಿಲು ಮುಚ್ಚಿತು. ಸುಭದ್ರೆ ನಿದ್ದೆ ಹೋಗಿದ್ದರಿಂದ ಗರ್ಭದಲ್ಲಿದ್ದ ಮಗು ಅರ್ಧ ಪಾಠವನ್ನಷ್ಟೇ ಕೇಳಿತು ಎಂಬ, ನಮಗೆಲ್ಲ ಪ್ರಿಯವಾದ ಕಥೆ ಈ ಮಾತಿನ ಸುತ್ತ ಬೆಳೆದದ್ದು. ಕವಲುಗಳನ್ನು ಕೆತ್ತಿದ್ದರೆ ಹಳೇಬೀಡಿನ ಶಿಲ್ಪಿ ಅಭಿಮನ್ಯುವಿಗೆ ಅನ್ಯಾಯ ಮಾಡಿದಂತಾಗುತ್ತಿತ್ತು. ಅವನಿಗೆ ದಾರಿ ಖಚಿತವಾಗಿ ಗೊತ್ತಿತ್ತು, ಒಂದು ಕಡೆಗೆ ಮಾತ್ರ. ಉತ್ತರ ಭಾರತದ ಕೆಲವೆಡೆ ಹೆರಿಗೆ ಸುಸೂತ್ರವಾಗಲೆಂದು ತಟ್ಟೆಯ ಮೇಲೆ ಕೇಸರಿಯಿಂದ ಚಕ್ರವ್ಯೂಹ ಬರೆದು, ತೊಳೆದ ನೀರನ್ನು ಗರ್ಭಿಣಿಗೆ ಕುಡಿಸುವ ಪದ್ಧತಿ ಇದೆ. ಒಳಗಿರುವವನಿಗೆ ಹೊರಬರುವ ದಾರಿ ಗೊತ್ತಾಗಲಿ ಎಂಬ ಹಾರೈಕೆ ಅದು. ಕಥೆಯನ್ನು ಇಷ್ಟು ಚೆನ್ನಾಗಿ ಅರ್ಥಮಾಡಿಕೊಂಡ ವಿಮರ್ಶಕರು ಕಡಿಮೆ.

ಪಕ್ಕದ ಗೋವಾದಲ್ಲಿ, ಕುಶಾವತಿ ನದಿಯ ದಂಡೆಯ ಉಸಗಾಳಿಮಳದಲ್ಲಿ ಜಂಬಿಟ್ಟಿಗೆ ಹಾಸಿನ ಮೇಲೆ ಪ್ರಾಣಿಗಳ ನಡುವೆ ಇಂಥದೊಂದು ಸುತ್ತನ್ನು ಕೊರೆದಿದ್ದಾರೆ. 1030ರ ಹೊತ್ತಿಗೆ ಭಾರತದ ಬಗ್ಗೆ ಬರೆದ ಅಲ್ಬೇರೂನಿ ರಾವಣನ ಲಂಕೆಯ ಕೋಟೆಯ ನಕ್ಷೆ ಎಂದು ಒಂದು ಸುತ್ತುಹಾದಿಯ ಚಿತ್ರ ಕೊಟ್ಟಿದ್ದಾನೆ. ಇಂಗ್ಲೆಂಡ್, ಸ್ಕ್ಯಾಂಡಿನೇವಿಯಾಗಳಲ್ಲಿ ಇಂಥ ಸುತ್ತುಗಳಿಗೆ ಟ್ರಾಯ್ ಕೋಟೆಯ ಹೆಸರಿದೆ. ಅಲ್ಲಿ ಹೆಲೆನ್, ಇಲ್ಲಿ ಸೀತೆ. ಹೆಂಡತಿಯನ್ನು ಬಿಡಿಸಿ ತರಲು ಗಂಡನ ಕಡೆಯವರು ಮುತ್ತಿದ ಕೋಟೆಗಳಿಗೇ ಎರಡು ಕಡೆಯೂ ಈ ನಕ್ಷೆ ಅಂಟಿಕೊಂಡಿರುವುದು ಸೋಜಿಗ. ಇದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟುವ ಧೈರ್ಯ ನನಗಿಲ್ಲ.

ಬೇಲಿಯ ಮೇಜ್‌ಗಳ ಬಗ್ಗೆ ಎರಡು ಮಾತು. ಲಂಡನ್ನಿನ ಬಳಿಯ ಹ್ಯಾಂಪ್ಟನ್ ಕೋರ್ಟ್ ಅರಮನೆಯದು ಎಲ್ಲಕ್ಕಿಂತ ಪ್ರಸಿದ್ಧ. ಮೂರನೇ ವಿಲಿಯಂ ರಾಜನ ಕಾಲಕ್ಕೆ, 1690ರ ದಶಕದಲ್ಲಿ ನೆಟ್ಟದ್ದು. ಜಾಗ ಎಕರೆಯ ಮೂರನೇ ಒಂದು ಭಾಗ, ಒಳಗಿನ ದಾರಿ ಅರ್ಧ ಮೈಲಿ. 1901ರಲ್ಲಿ ಅಮೆರಿಕದ ಕ್ಲಾರ್ಕ್ ವಿಶ್ವವಿದ್ಯಾಲಯದ ವಿಲರ್ಡ್ ಸ್ಮಾಲ್ ಎಂಬ ಮನಶ್ಶಾಸ್ತ್ರಜ್ಞ ಅದೇ ನಕ್ಷೆಯನ್ನು ಆಯತಾಕಾರಕ್ಕೆ ಬದಲಿಸಿ ತಂತಿಬಲೆಯಲ್ಲಿ ಕಟ್ಟಿಸಿ, ಒಳಗೆ ಇಲಿಗಳನ್ನು ಬಿಟ್ಟ. ಕಲಿಕೆಯ ಬಗ್ಗೆ ಮುಂದೆ ನಡೆದ ಅಸಂಖ್ಯ ಇಲಿ ಪ್ರಯೋಗಗಳಿಗೆ ದಾರಿಯಾದದ್ದು ಅದು. ರಾಜರಾಣಿಯರ ವಿಹಾರ ಇಲಿಗಳಿಗೆ ಪರೀಕ್ಷೆಯಾಯಿತು.

ಇನ್ನು ಪ್ರಶ್ನೆಗಳು.

ಒಬ್ಬರು ಹಿರಿಯರು ಕೇಳಿದರು: ಹಾಗಾದರೆ ಮೇಜ್‌ಗೆ ಕನ್ನಡದಲ್ಲಿ ಏನೆನ್ನಬೇಕು, ಚಕ್ರವ್ಯೂಹ ಎಂದರೆ ಸಾಲದೇ? ಸಾಲದ ಚಕ್ರವ್ಯೂಹ, ಭ್ರಷ್ಟಾಚಾರದ ಚಕ್ರವ್ಯೂಹ ಎಂದು ಪತ್ರಿಕೆಗಳು ಬಳಸುವಾಗ ಆ ಪದ ತನ್ನ ಕೆಲಸ ಸರಿಯಾಗಿಯೇ ಮಾಡುತ್ತದೆ, ಏಕೆಂದರೆ ಅಲ್ಲಿ ಒಳಹೋಗುವುದು ಸುಲಭ, ಹೊರಬರುವುದು ಕಷ್ಟ. ಆದರೆ ಕವಲೊಡೆದು ಮೊಲವನ್ನು ದಿಕ್ಕುಗೆಡಿಸುವ ಚೌಕಕ್ಕೆ ಅದು ಭಾರವಾಯಿತು. ‘ಸಿಕ್ಕುದಾರಿ’ ಎಂದರೆ ನನಗೆ ಒಪ್ಪಿಗೆ. ಹೆಸರಿಲ್ಲದೆ ‘ದಾರಿ ತೋರಿಸಿ’ ಎಂದು ಬಿಟ್ಟರೂ ಮಕ್ಕಳಿಗೆ ಏನೂ ಕೊರತೆಯಾಗಿಲ್ಲ.

ಕಾಲೇಜು ವಿದ್ಯಾರ್ಥಿಯೊಬ್ಬ ಕೇಳಿದ: ನಿಜವಾದ ಮೇಜ್‌ನಲ್ಲಿ ಸಿಕ್ಕಿಕೊಂಡರೆ ಒಂದು ಕೈಯನ್ನು ಗೋಡೆಗೆ ಹಚ್ಚಿ ನಡೆದರೆ ಸಾಕಂತೆ, ಹೌದೇ? ಹ್ಯಾಂಪ್ಟನ್ ಕೋರ್ಟಿನಲ್ಲಿ ಸಾಕು. ಗೋಡೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿದ್ದರೆ ಎಲ್ಲಿಯೂ ಸಾಕು. ಆದರೆ ನಡುವಿನ ಗುರಿ ಹೊರಗೋಡೆಗೆ ಅಂಟದ ಬಿಡಿ ಗೋಡೆಗಳೊಳಗೆ ಇದ್ದರೆ ನೀವು ಸುತ್ತಿ ಬಂದು ಬಾಗಿಲಲ್ಲೇ ನಿಲ್ಲುತ್ತೀರಿ. ಈ ಉಪಾಯವನ್ನು ಸೋಲಿಸಲೆಂದೇ 1820ರ ದಶಕದಲ್ಲಿ ಕೆಂಟ್ ಸೀಮೆಯ ಚೆವನಿಂಗ್‌ನಲ್ಲಿ ಒಂದು ಮೇಜ್ ನೆಟ್ಟರು. ಎಲ್ಲಿಯೂ ಸೋಲದ ಉಪಾಯ ಟ್ರೆಮೋ ಎಂಬ ಫ್ರೆಂಚ್ ಮನುಷ್ಯನದು, 19ನೇ ಶತಮಾನದ್ದು. ನಡೆದ ಓಣಿಗೆಲ್ಲ ಗುರುತು ಹಾಕುತ್ತ ಹೋಗಿ. ಹೊಸ ಓಣಿಯಿಂದ ಹಳೆಯ ಕೂಡುದಾರಿಗೆ ಬಂದು ಬಿದ್ದರೆ ಬಂದ ಓಣಿಯಲ್ಲೇ ವಾಪಸು ತಿರುಗಿ. ಮುಂದೆ ಗುರುತಿಲ್ಲದ ಓಣಿ ಇದ್ದರೆ ಅದನ್ನು ಹಿಡಿಯಿರಿ, ಇಲ್ಲದಿದ್ದರೆ ಒಂದೇ ಗುರುತಿನದನ್ನು. ಎರಡು ಗುರುತು ಬಿದ್ದ ಓಣಿಗೆ ಮತ್ತೆ ಕಾಲಿಡಬೇಡಿ. ತಡವಾಗಬಹುದು, ಆದರೆ ಬಾಗಿಲಿದ್ದರೆ ಸಿಕ್ಕೇ ಸಿಗುತ್ತದೆ. ಸೀಮೆಸುಣ್ಣ ಮಾತ್ರ ಮನೆಯಿಂದಲೇ ತೆಗೆದುಕೊಂಡು ಹೋಗಿ, ಅಲ್ಲಿ ಕೊಡುವುದಿಲ್ಲ.